ಮೊದಲ ಯಂತ್ರಕ್ಕೊಂದು ಸಾಲ: ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ ನಡೆದು ಬಂದ ದಾರಿ

1959ರ ಮಾರ್ಚ್ 30ರಂದು ಮೈಸೂರು ರಾಜ್ಯ ಹಣಕಾಸು ಸಂಸ್ಥೆ ಸ್ಥಾಪನೆಯಾದಾಗ ಕನ್ನಡ ನಾಡು ಒಂದಾಗಿ ಎರಡೂವರೆ ವರ್ಷವೂ ತುಂಬಿರಲಿಲ್ಲ. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಜಿಲ್ಲೆಗಳ ಕಾನೂನು, ಕಂದಾಯದ ಲೆಕ್ಕ, ನೌಕರರ ಜ್ಯೇಷ್ಠತೆ ಎಲ್ಲವನ್ನೂ ಒಂದು ದಾರಿಗೆ ತರುವ ಕೆಲಸ ವಿಧಾನಸೌಧದಲ್ಲಿ ಹಗಲಿರುಳು ನಡೆದಿತ್ತು. ಜಮಖಂಡಿಯ ಬಿ.ಡಿ. ಜತ್ತಿ ಮುಖ್ಯಮಂತ್ರಿಯಾಗಿದ್ದರು. ಆ ಗಡಿಬಿಡಿಯ ನಡುವೆ ಹುಟ್ಟಿದ ಈ ಸಂಸ್ಥೆ, 1973ರಲ್ಲಿ ರಾಜ್ಯದ ಹೆಸರು ಬದಲಾದ ಬಳಿಕ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯಾಯಿತು. ಜನರ ಬಾಯಲ್ಲಿ ಅದು ‘ಕೆಎಸ್‌ಎಫ್‌ಸಿ’. ವಜ್ರಮಹೋತ್ಸವದ ವರ್ಷವನ್ನು ದಾಟಿ ಬಂದಿರುವ ಅದು ಈವರೆಗೆ ಸಾಲ ಕೊಟ್ಟಿರುವ ಘಟಕಗಳ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರುತ್ತದೆ.

ಇಷ್ಟು ದೊಡ್ಡ ಸಂಖ್ಯೆಯ ಹಿಂದೆ ಇರುವ ಕೆಲಸ ಒಂದೇ. ಸಣ್ಣ ಮತ್ತು ಮಧ್ಯಮ ಉದ್ದಿಮೆದಾರನಿಗೆ ಜಾಗ, ಷೆಡ್ಡು, ಯಂತ್ರ ಕೊಳ್ಳಲು ದೀರ್ಘಾವಧಿ ಸಾಲ ಕೊಡುವುದು. ಆ ಕೆಲಸವನ್ನು ಮಾಡುವವರು ಅದಕ್ಕೆ ಮೊದಲು ಹೆಚ್ಚು ಜನ ಇರಲಿಲ್ಲ ಎಂಬುದರಲ್ಲೇ ಸಂಸ್ಥೆಯ ಚರಿತ್ರೆ ಆರಂಭವಾಗುತ್ತದೆ.

1911–1956: ಕೊರತೆ ಇದ್ದದ್ದು ಎಲ್ಲಿ

ಉದ್ದಿಮೆಗೆ ಸರ್ಕಾರದ ಹಣ ಎಂಬುದು ಮೈಸೂರಿಗೆ ಹೊಸದಾಗಿರಲಿಲ್ಲ. 1911ರ ಮೈಸೂರು ಆರ್ಥಿಕ ಸಮ್ಮೇಳನ, ಮರುವರ್ಷ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿ, 1913ರಲ್ಲಿ ಶುರುವಾದ ಮೈಸೂರು ಬ್ಯಾಂಕು, ಆಲ್ಫ್ರೆಡ್ ಚಾಟರ್ಟನ್ ನಿರ್ದೇಶಕರಾಗಿದ್ದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ, ಇವೆಲ್ಲ ಒಂದರ ಹಿಂದೊಂದು ಬಂದವು. ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ ಹೀಗೆ ದೊಡ್ಡದನ್ನು ಸಂಸ್ಥಾನವೇ ಕಟ್ಟಿತು. ಚಿಕ್ಕವರಿಗೆ ಅಕ್ಕಿ ಗಿರಣಿ, ಕಬ್ಬಿನ ಗಾಣ, ನೀರೆತ್ತುವ ಪಂಪು ಹಾಕಿಕೊಳ್ಳಲು ಇಲಾಖೆಯ ಮುಂಗಡ ಸಿಗುತ್ತಿತ್ತು. ಆದರೆ ಇಲಾಖೆಯ ಬಜೆಟ್ಟಿನಲ್ಲಿ ಆ ವರ್ಷ ಎಷ್ಟು ಹಣವಿದೆಯೋ ಅಷ್ಟೇ ಸಾಲ. ಸರ್ಕಾರ ರೈತರಿಗೆ ಕೊಡುತ್ತಿದ್ದ ತಕಾವಿ ಮುಂಗಡದಂತೆ ಇದೂ ಒಂದು ತಕಾವಿ.

ಬ್ಯಾಂಕುಗಳಿಗೇನೂ ಬರವಿರಲಿಲ್ಲ. ಕರಾವಳಿಯಂತೂ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಹುಟ್ಟಿದ್ದು ಅಲ್ಲೇ. ಆದರೂ ಆ ಕಾಲದ ಬ್ಯಾಂಕಿನ ಹಣ ಅಲ್ಪಾವಧಿ ಹಣ. ಗೋದಾಮಿನಲ್ಲಿ ಕಾಫಿ ಮೂಟೆಯಿದ್ದರೆ, ಕೈಯಲ್ಲಿ ಹುಂಡಿಯಿದ್ದರೆ, ಪೆಟ್ಟಿಗೆಯಲ್ಲಿ ಬಂಗಾರವಿದ್ದರೆ ಸಾಲ ಹುಟ್ಟುತ್ತಿತ್ತು. ಲೇತ್ ಯಂತ್ರವೊಂದು ತನ್ನ ಬೆಲೆಯನ್ನು ತಾನೇ ದುಡಿದು ತೀರಿಸಲು ಆರೇಳು ವರ್ಷ ಬೇಕು. ಇಂದು ಇಟ್ಟು ನಾಳೆ ತೆಗೆಯುವ ಠೇವಣಿದಾರರ ಹಣವನ್ನು ಅಷ್ಟು ಕಾಲ ಕಬ್ಬಿಣದಲ್ಲಿ ಹೂಡಲು ಬ್ಯಾಂಕಿನವರು ಹಿಂಜರಿದದ್ದು ಅವರ ತಪ್ಪಲ್ಲ. ಅವರ ವ್ಯವಹಾರದ ರೀತಿಯೇ ಹಾಗಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಜುಲೈಯಲ್ಲಿ, ಕೇಂದ್ರ ಸರ್ಕಾರ ಭಾರತೀಯ ಕೈಗಾರಿಕಾ ಹಣಕಾಸು ನಿಗಮವನ್ನು ತೆರೆಯಿತು. ಅದು ದೊಡ್ಡ ಸಾರ್ವಜನಿಕ ಕಂಪನಿಗಳಿಗೂ ಸಹಕಾರ ಸಂಘಗಳಿಗೂ ಮೀಸಲು. ದೇಶದ ಬಹುಪಾಲು ಸಣ್ಣ ಕಾರ್ಖಾನೆಗಳೋ ಒಬ್ಬ ಮಾಲೀಕನವು, ಇಲ್ಲವೇ ಅಣ್ಣತಮ್ಮಂದಿರ ಪಾಲುದಾರಿಕೆಯವು. ಅವರ ಪಾಲಿಗೆ ಆ ಬಾಗಿಲು ಮುಚ್ಚಿತ್ತು. ಈ ಕೊರತೆ ತುಂಬಲೆಂದೇ ಸಂಸತ್ತು 1951ರಲ್ಲಿ ರಾಜ್ಯ ಹಣಕಾಸು ಸಂಸ್ಥೆಗಳ ಕಾಯ್ದೆಯನ್ನು ಅಂಗೀಕರಿಸಿತು. ಒಬ್ಬನೇ ನಡೆಸುವ ವರ್ಕ್‌ಶಾಪು, ಪಾಲುದಾರರ ಗಿರಣಿ, ಖಾಸಗಿ ಕಂಪನಿ ಎಲ್ಲಕ್ಕೂ ಸಾಲ ಕೊಡಬಹುದಾದ ಸಂಸ್ಥೆಯೊಂದನ್ನು ಪ್ರತಿ ರಾಜ್ಯವೂ ಕಟ್ಟಿಕೊಳ್ಳಲಿ ಎಂಬುದು ಅದರ ಆಶಯ.

1951ರ ಕಾಯ್ದೆ, 1959ರ ಸಂಸ್ಥೆ

ಕಾಯ್ದೆಯ ಕಟ್ಟೋಣವನ್ನು ನಿಧಾನವಾಗಿ ನೋಡಬೇಕು. ಮುಂದಿನ ಅರವತ್ತು ವರ್ಷಗಳ ಗುಣವೂ ದೋಷವೂ ಅದರಲ್ಲೇ ಅಡಗಿವೆ.

ಸಂಸ್ಥೆಯ ಷೇರು ಬಂಡವಾಳ 50 ಲಕ್ಷ ರೂಪಾಯಿಗಿಂತ ಕಡಿಮೆಯಿರಬಾರದು, 5 ಕೋಟಿ ಮೀರಬಾರದು ಎಂದು ಮೂಲ ಕಾಯ್ದೆ ಹೇಳಿತ್ತು. ರಾಜ್ಯ ಸರ್ಕಾರ, ರಿಸರ್ವ್ ಬ್ಯಾಂಕ್, ವಾಣಿಜ್ಯ ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಸಹಕಾರ ಬ್ಯಾಂಕುಗಳು ಷೇರು ಕೊಳ್ಳಬೇಕು. ನಾಲ್ಕನೇ ಒಂದು ಪಾಲಿನವರೆಗೆ ಸಾರ್ವಜನಿಕರಿಗೂ ಬಿಡಬಹುದು. ಅಸಲಿಗೂ ಕನಿಷ್ಠ ಲಾಭಾಂಶಕ್ಕೂ ರಾಜ್ಯ ಸರ್ಕಾರದ ಖಾತರಿ. ಆ ಬುನಾದಿಯ ಮೇಲೆ ಸಂಸ್ಥೆ ಬಾಂಡು ಹೊರಡಿಸಿ ಹಣ ಎತ್ತಬೇಕು. ಸಾಲದ ಅವಧಿ ಗರಿಷ್ಠ 20 ವರ್ಷ. ಆರಂಭದ ದಿನಗಳಲ್ಲಿ ಒಂದು ಉದ್ದಿಮೆಗೆ ಕೊಡಬಹುದಾದ ಗರಿಷ್ಠ ಸಾಲ 10 ಲಕ್ಷ ರೂಪಾಯಿ. ಅಂದಿನ ಸಣ್ಣ ಉದ್ದಿಮೆದಾರನಿಗೆ ಅದು ಕನಸಿನ ಮೊತ್ತವೇ. 1950ರ ದಶಕದ ಮಧ್ಯದಲ್ಲಿ ಬಂದ ಸಣ್ಣ ಕೈಗಾರಿಕೆಯ ವ್ಯಾಖ್ಯೆಯಂತೆ ಘಟಕದ ಇಡೀ ಬಂಡವಾಳವೇ 5 ಲಕ್ಷದೊಳಗಿರಬೇಕಿತ್ತು.

ಇನ್ನೊಂದು ಬಲವಾದ ಅಂಶ 29ನೇ ಕಲಂ. ಸಾಲಗಾರ ಕಂತು ತಪ್ಪಿಸಿದರೆ ನ್ಯಾಯಾಲಯದ ಮೆಟ್ಟಿಲೇರದೆಯೇ ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡು ಮಾರುವ ಅಧಿಕಾರವನ್ನು ಅದು ಸಂಸ್ಥೆಗೆ ಕೊಟ್ಟಿತು. ಬ್ಯಾಂಕುಗಳಿಗೆ ಇಂಥದೇ ಅಧಿಕಾರ ಸಿಕ್ಕಿದ್ದು ಅರ್ಧ ಶತಮಾನದ ನಂತರ, 2002ರ ಸರ್ಫೇಸಿ ಕಾಯ್ದೆಯಿಂದ.

ಪಂಜಾಬು 1953ರಲ್ಲೇ ದೇಶದ ಮೊದಲ ರಾಜ್ಯ ಹಣಕಾಸು ಸಂಸ್ಥೆಯನ್ನು ತೆರೆಯಿತು. ಮುಂಬಯಿ, ಹೈದರಾಬಾದುಗಳೂ ತಮ್ಮ ತಮ್ಮ ಸಂಸ್ಥೆ ಕಟ್ಟಿಕೊಂಡವು. ಮದ್ರಾಸು ಅದಕ್ಕೂ ಮೊದಲೇ, 1949ರಲ್ಲಿ, ಕಂಪನಿ ಕಾನೂನಿನಡಿ ಬೇರೆಯದೇ ಬಂಡವಾಳ ನಿಗಮವನ್ನು ಹುಟ್ಟುಹಾಕಿತ್ತು. ಹೀಗಾಗಿ ಏಕೀಕರಣದ ಹೊತ್ತಿಗೆ ವಿಚಿತ್ರ ಪರಿಸ್ಥಿತಿ ಇತ್ತು. ಬೆಳಗಾವಿ, ಧಾರವಾಡ, ವಿಜಯಪುರದ ಕನ್ನಡಿಗರು ಮುಂಬಯಿಯ ಸಂಸ್ಥೆಯನ್ನೂ, ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿನದನ್ನೂ, ಮಂಗಳೂರಿನವರು ಮದ್ರಾಸಿನದನ್ನೂ ಬಲ್ಲವರಾಗಿದ್ದರು. ಕೈಗಾರಿಕೆಯಲ್ಲಿ ಮುಂದಿದ್ದ ಹಳೆಯ ಮೈಸೂರಿನಲ್ಲಿ ಮಾತ್ರ ಅಂಥ ಸಂಸ್ಥೆ ಇರಲಿಲ್ಲ. ಹೊಸ ರಾಜ್ಯಕ್ಕೆ ಸೇರಿದ ಜಿಲ್ಲೆಗಳು ಹಳೆಯ ರಾಜಧಾನಿಗಳ ಸಾಲದ ಬಾಗಿಲನ್ನು ಕಳೆದುಕೊಂಡಿದ್ದವು, ಹೊಸ ರಾಜಧಾನಿಯಲ್ಲಿ ಬಾಗಿಲು ಇನ್ನೂ ತೆರೆದಿರಲಿಲ್ಲ. 1959ರ ಮಾರ್ಚಿನ ತೀರ್ಮಾನಕ್ಕೆ ಇದ್ದ ಒತ್ತಡ ಅದು. ಏಕೀಕರಣದ ಚರಿತ್ರೆಯಲ್ಲಿ ಭಾಷೆ, ಗಡಿ, ನದಿಗಳ ಮಾತು ಬರುತ್ತದೆ. ಸಾಲದ ಮಾತೂ ಅಲ್ಲಿ ಸೇರಬೇಕು ಎಂಬುದು ಈ ಲೇಖಕನ ದೃಢ ನಂಬಿಕೆ.

1959–1973: ಷೆಡ್ಡು, ಲೇತು, ಕಂತು

ಸಂಸ್ಥೆಯ ಮೊದಲ ದಶಕ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಸುವರ್ಣ ಕಾಲವೂ ಹೌದು. ಎಚ್‌ಎಎಲ್ 1940ರಿಂದ ಇತ್ತು. ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಈ ಕಾರ್ಖಾನೆಗಳಿಗೆ ಬೋಲ್ಟು, ಗೇರು, ಸ್ಪ್ರಿಂಗು, ಜಿಗ್ಗು, ಫಿಕ್ಸ್‌ಚರುಗಳನ್ನು ಹೊರಗಿನಿಂದ ಮಾಡಿಕೊಡುವವರು ಬೇಕಿದ್ದರು. ಅಲ್ಲಿ ಕೆಲಸ ಕಲಿತ ಟರ್ನರು, ಫಿಟ್ಟರು, ಟೂಲ್‌ರೂಮ್ ಮೇಸ್ತ್ರಿಗಳಿಗೆ ಅದನ್ನು ಮಾಡುವ ಕೈಚಳಕವೂ ಇತ್ತು. ಇಲ್ಲದಿದ್ದದ್ದು ಬಂಡವಾಳ ಮತ್ತು ಜಾಗ.

ಜಾಗದ ಪ್ರಶ್ನೆಗೆ ಉತ್ತರವಾಗಿ 1960ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ರಾಜಾಜಿನಗರದ ಕೈಗಾರಿಕಾ ವಸಾಹತು ಬೆಂಗಳೂರಿನ ಸಣ್ಣ ಉದ್ದಿಮೆಯ ಮೊದಲ ಶಾಲೆಯಾಯಿತು. 1964ರಲ್ಲಿ ದೊಡ್ಡ ಉದ್ದಿಮೆಗಳಿಗೆ ಬಂಡವಾಳ ಹೂಡುವ ಕೆಎಸ್‌ಐಐಡಿಸಿ, 1966ರಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ, 1976ರಲ್ಲಿ ಯೋಜನಾ ವರದಿ ಬರೆದುಕೊಡುವ ಟೆಕ್ಸಾಕ್ ಬಂದವು. ಒಂದು ಷೆಡ್ಡು ಕೊಡುತ್ತದೆ, ಒಂದು ನಿವೇಶನ ಕೊಡುತ್ತದೆ, ಒಂದು ಸಲಹೆ ಕೊಡುತ್ತದೆ, ಹಣಕಾಸು ಸಂಸ್ಥೆ ಯಂತ್ರಕ್ಕೆ ಹಣ ಕೊಡುತ್ತದೆ. ಈ ಜೋಡಣೆ ಕಾಗದದ ಮೇಲೆ ಚೆಂದ ಕಂಡಂತೆ ನೆಲದ ಮೇಲೂ ಬಹುಮಟ್ಟಿಗೆ ನಡೆಯಿತು. 1970ರ ದಶಕದಲ್ಲಿ ತುಮಕೂರು ರಸ್ತೆಯ ಬದಿಯಲ್ಲಿ ಎದ್ದು ನಿಂತ ಪೀಣ್ಯವೇ ಅದಕ್ಕೆ ಸಾಕ್ಷಿ. ಏಷ್ಯಾದ ಅತಿ ದೊಡ್ಡ ಸಣ್ಣ ಕೈಗಾರಿಕಾ ಪ್ರದೇಶಗಳಲ್ಲೊಂದು ಎಂದು ಅದು ಹೆಸರಾಯಿತು.

ಸಾಲ ಸಿಗುವ ಬಗೆ ಹೀಗಿತ್ತು. ಉದ್ದಿಮೆದಾರ ಯೋಜನಾ ವರದಿ ತರಬೇಕು. ಅದರಲ್ಲಿ ಏನು ತಯಾರಿಸುತ್ತಾನೆ, ಯಂತ್ರ ಯಾವುದು, ಕೊಯಮತ್ತೂರಿನದೋ ರಾಜಕೋಟಿನದೋ, ಕೊಟೇಶನ್ ಎಷ್ಟು, ಕಚ್ಚಾ ವಸ್ತು ಎಲ್ಲಿಂದ, ಎಷ್ಟು ಅಶ್ವಶಕ್ತಿಯ ವಿದ್ಯುತ್ತು, ಎಷ್ಟು ಜನ ಕೆಲಸಗಾರರು, ಮಾಲು ಕೊಳ್ಳುವವರು ಯಾರು ಎಂಬುದೆಲ್ಲ ಇರಬೇಕು. ಸಂಸ್ಥೆಯ ತಾಂತ್ರಿಕ ಅಧಿಕಾರಿ ಸ್ಥಳಕ್ಕೆ ಬಂದು ನೋಡುತ್ತಾರೆ. ಒಂದು ಪಾಲು ಹಣವನ್ನು ಉದ್ದಿಮೆದಾರ ಸ್ವಂತವಾಗಿ ಹಾಕಬೇಕು, ಅದಕ್ಕೆ ಮಾರ್ಜಿನ್ ಮನಿ ಎನ್ನುತ್ತಾರೆ. ಕಟ್ಟಡ ಪಾಯದ ಮಟ್ಟಕ್ಕೆ, ಲಿಂಟೆಲ್ ಮಟ್ಟಕ್ಕೆ ಬಂದಂತೆಲ್ಲ ಕಂತಿನಲ್ಲಿ ಹಣ ಬಿಡುಗಡೆ. ಯಂತ್ರದ ಹಣ ನೇರವಾಗಿ ಯಂತ್ರ ಮಾರಿದವರಿಗೇ ಹೋಗುತ್ತದೆ. ಉತ್ಪಾದನೆ ಶುರುವಾಗುವವರೆಗೆ ಅಸಲಿನ ಕಂತಿಗೆ ವಿನಾಯಿತಿ. ಆಮೇಲೆ ವರ್ಷಗಳ ಕಾಲ ಕಂತು.

ಇದರಲ್ಲಿ ಒಂದು ಬಿರುಕು ಮೊದಲಿನಿಂದಲೂ ಇತ್ತು. ಯಂತ್ರಕ್ಕೆ ಹಣ ಕೊಡುವುದು ಸಂಸ್ಥೆ, ಕಚ್ಚಾ ವಸ್ತುವಿಗೆ, ಕೂಲಿಗೆ, ವಿದ್ಯುತ್ ಬಿಲ್ಲಿಗೆ ಬೇಕಾದ ದುಡಿಯುವ ಬಂಡವಾಳ ಕೊಡುವುದು ಬ್ಯಾಂಕು. ಆಸ್ತಿಯೆಲ್ಲ ಸಂಸ್ಥೆಗೆ ಅಡಮಾನವಾಗಿರುವಾಗ ಬ್ಯಾಂಕಿಗೆ ಉಳಿಯುವ ಭದ್ರತೆ ಏನು? ಯಂತ್ರ ಬಂದು ಕೂತಿದೆ, ಓಡಿಸಲು ದುಡ್ಡಿಲ್ಲ ಎಂಬ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಕಳೆದ ಘಟಕಗಳು ಪ್ರತಿ ವಸಾಹತಿನಲ್ಲೂ ಇದ್ದವು. ಎರಡೂ ಸಾಲವನ್ನು ಒಂದೇ ಕಡೆ ಕೊಡುವ ಏಕಗವಾಕ್ಷಿ ಯೋಜನೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಸಣ್ಣ ಉದ್ದಿಮೆಯ ರೋಗಗ್ರಸ್ತತೆ ಎಂದು ಕರೆದದ್ದರ ಬೇರು ಎಷ್ಟೋ ಸಲ ಇಲ್ಲಿತ್ತು. ಉದ್ದಿಮೆದಾರನ ಅಸಾಮರ್ಥ್ಯದಲ್ಲಿ ಅಲ್ಲ.

1964ರಲ್ಲಿ ಭಾರತೀಯ ಕೈಗಾರಿಕಾ ಅಭಿವೃದ್ಧಿ ಬ್ಯಾಂಕು (ಐಡಿಬಿಐ) ಬಂದ ಮೇಲೆ ಸಂಸ್ಥೆಗೆ ಹೊಸ ಶಕ್ತಿ ಬಂತು. ಇಲ್ಲಿ ಕೊಟ್ಟ ಸಾಲಕ್ಕೆ ಅಲ್ಲಿಂದ ಮರುಹಣಕಾಸು. ಹಾಗೆ ಬಂದ ಹಣ ಮತ್ತೊಬ್ಬ ಉದ್ದಿಮೆದಾರನಿಗೆ. ಷೇರು ಬಂಡವಾಳದ ಹಲವು ಪಟ್ಟು ಸಾಲ ಕೊಡಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ.

1973–1990: ಜಿಲ್ಲೆಗಳ ಕಡೆಗೆ

ಕರ್ನಾಟಕ ಎಂಬ ಹೊಸ ಹೆಸರಿನ ಜೊತೆಗೆ ಸಂಸ್ಥೆಯ ಗುರಿಯೂ ಹಿಗ್ಗಿತು. ಬೆಂಗಳೂರಿನಲ್ಲಿ ಕಾರ್ಖಾನೆಗಳು ಒತ್ತೊತ್ತಾಗುತ್ತಿದ್ದವು, ಜಿಲ್ಲೆಗಳಲ್ಲಿ ಪದವಿ, ಡಿಪ್ಲೊಮಾ ಪಡೆದ ತರುಣರು ಕೆಲಸ ಹುಡುಕುತ್ತಿದ್ದರು. ಹಿಂದುಳಿದ ಜಿಲ್ಲೆಗಳಿಗೆ ರಿಯಾಯಿತಿ ಬಡ್ಡಿ, 1971ರಿಂದ ಕೇಂದ್ರದ ಬಂಡವಾಳ ಸಹಾಯಧನ, 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು, ಇವೆಲ್ಲ ಸಂಸ್ಥೆಯನ್ನು ರಾಜಧಾನಿಯಿಂದ ಹೊರಗೆ ಎಳೆದವು. ಜಿಲ್ಲಾ ಕೇಂದ್ರಗಳಲ್ಲಿ ಶಾಖೆಗಳು ತೆರೆದವು. ಬೆಂಗಳೂರಿನ ದಂಡು ರೈಲು ನಿಲ್ದಾಣದ ಬಳಿ, ತಿಮ್ಮಯ್ಯ ರಸ್ತೆಯಲ್ಲಿರುವ ಕೆಎಸ್‌ಎಫ್‌ಸಿ ಭವನ ಕೇಂದ್ರ ಕಚೇರಿಯಾಗಿ ರಾಜ್ಯದ ಉದ್ದಿಮೆದಾರರಿಗೆಲ್ಲ ಪರಿಚಿತವಾಯಿತು. ಹೊರ ಊರಿನಿಂದ ರೈಲಿನಲ್ಲಿ ಬಂದವರು ನಡೆದೇ ತಲುಪಬಹುದಾದ ಜಾಗದಲ್ಲಿ ಅದು ಇರುವುದು ಸಣ್ಣ ಅನುಕೂಲವೇನಲ್ಲ.

ಜಿಲ್ಲೆಗಳಿಗೆ ಹೋದಾಗ ಉದ್ದಿಮೆಯ ಬಣ್ಣವೇ ಬದಲಾಯಿತು. ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕದ ಮನೆಗಳು, ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಫೌಂಡ್ರಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಎಂಜಿನಿಯರಿಂಗ್ ಷೆಡ್ಡುಗಳು, ಕಲಬುರಗಿಯಲ್ಲಿ ತೊಗರಿ ಬೇಳೆಯ ಮಿಲ್ಲುಗಳು, ಗಂಗಾವತಿ, ಸಿಂಧನೂರಿನಲ್ಲಿ ತುಂಗಭದ್ರೆಯ ನೀರು ತಂದ ಭತ್ತಕ್ಕೆ ಅಕ್ಕಿ ಗಿರಣಿಗಳು, ಇಳಕಲ್ಲಿನಲ್ಲಿ ಗ್ರಾನೈಟ್ ಕಲ್ಲು ಕೊಯ್ಯುವ ಯಂತ್ರಗಳು, ಮಂಗಳೂರಿನ ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ಕು, ಕರಾವಳಿಯುದ್ದಕ್ಕೂ ಗೇರುಬೀಜದ ಕಾರ್ಖಾನೆಗಳು. ಒಂದೊಂದು ಊರೂ ತನ್ನ ಬೆಳೆಗೆ, ತನ್ನ ಕಲ್ಲಿಗೆ, ತನ್ನ ಕುಶಲತೆಗೆ ಹೊಂದುವ ಉದ್ದಿಮೆಯನ್ನು ಕಂಡುಕೊಂಡಿತು. ದೀರ್ಘಾವಧಿ ಸಾಲ ಇಲ್ಲದೆ ಇವುಗಳಲ್ಲಿ ಬಹುಪಾಲು ಏಳಲು ಸಾಧ್ಯವಿರಲಿಲ್ಲ.

ಸಾಲ ಪಡೆಯಬಹುದಾದವರ ಪಟ್ಟಿಯೂ ಕಾಯ್ದೆಯ ತಿದ್ದುಪಡಿಗಳಿಂದ ಬೆಳೆಯುತ್ತ ಹೋಯಿತು. ಹೋಟೆಲು, ಲಾರಿ, ಬಸ್ಸು, ಮುಂದೆ ನರ್ಸಿಂಗ್ ಹೋಮು. ಲಾರಿ ಸಾಲ ಕೈಗಾರಿಕೆಯೇ ಎಂದು ಮೂಗು ಮುರಿದವರಿದ್ದರು. ಆದರೆ ಅಡಿಕೆ, ಅಕ್ಕಿ, ಕಬ್ಬಿಣದ ಅದಿರು ಸಾಗಿಸಿದ ಆ ಲಾರಿಗಳು ಚಾಲಕನನ್ನು ಮಾಲೀಕನನ್ನಾಗಿ ಮಾಡಿದವು. ಜಿಲ್ಲಾ ಪಟ್ಟಣಗಳಲ್ಲಿ ತಜ್ಞ ವೈದ್ಯರು ನೆಲೆ ನಿಲ್ಲಲು ನರ್ಸಿಂಗ್ ಹೋಮಿನ ಸಾಲ ನೆರವಾಯಿತು. ಕುಶಲಕರ್ಮಿಗಳಿಗೆ ಸ್ವಂತ ಪಾಲು ಕೇಳದೆ ಪೂರ್ತಿ ಹಣ ಕೊಡುವ 25,000 ರೂಪಾಯಿವರೆಗಿನ ಸಂಯುಕ್ತ ಸಾಲ, ತಾಂತ್ರಿಕ ಪದವೀಧರರಿಗೆ ಬೀಜ ಬಂಡವಾಳ, ನಿವೃತ್ತ ಸೈನಿಕರಿಗೆ ಸೆಮ್‌ಫೆಕ್ಸ್, ಮಹಿಳೆಯರಿಗೆ ಮಹಿಳಾ ಉದ್ಯಮ ನಿಧಿ, ಹೀಗೆ ರಾಷ್ಟ್ರ ಮಟ್ಟದಲ್ಲಿ ರೂಪುಗೊಂಡ ಯೋಜನೆಗಳು ಉದ್ದಿಮೆದಾರನ ಕೈ ಸೇರಿದ್ದು ರಾಜ್ಯ ಹಣಕಾಸು ಸಂಸ್ಥೆಗಳ ಮೂಲಕ. 1990ರ ಏಪ್ರಿಲ್ 2ರಂದು ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕು (ಸಿಡ್ಬಿ) ಆರಂಭವಾಗಿ, ಸಣ್ಣ ಕೈಗಾರಿಕೆಗಳ ಮರುಹಣಕಾಸಿನ ಹೊಣೆ ಅದಕ್ಕೆ ಹೋಯಿತು.

ಬೀಜ ಬಂಡವಾಳದ ಮಾತನ್ನು ಇಲ್ಲಿ ಸ್ವಲ್ಪ ಹಿಗ್ಗಿಸಬೇಕು. ಮಾರ್ಜಿನ್ ಮನಿ ಹೊಂದಿಸಲಾಗದ ಎಂಜಿನಿಯರನಿಗೆ ಆ ಮಾರ್ಜಿನ್ನನ್ನೇ ಅತಿ ಕಡಿಮೆ ಬಡ್ಡಿಗೆ ಕೊಡುವ ಏರ್ಪಾಡು ಅದು. ಮನೆಯಲ್ಲಿ ಹೊಲವಿಲ್ಲ, ಹಿರಿಯರು ಬಿಟ್ಟ ಮನೆಯಿಲ್ಲ, ಇರುವುದು ಒಂದು ಪದವಿ ಮತ್ತು ಒಂದು ಯೋಚನೆ ಎನ್ನುವವನನ್ನು ನಂಬಿ ಹಣ ಕೊಡುವುದು 1970ರ ದಶಕದಲ್ಲೇ ಸರ್ಕಾರಿ ನೀತಿಯಾಗಿತ್ತು ಎಂಬುದನ್ನು ಇಂದಿನ ನವೋದ್ಯಮದ ತರುಣರು ತಿಳಿಯಬೇಕು.

1991–2008: ಕಷ್ಟದ ವರ್ಷಗಳು

ಉದಾರೀಕರಣ ಸಣ್ಣ ಉದ್ದಿಮೆಯನ್ನೂ ಅದಕ್ಕೆ ಸಾಲ ಕೊಟ್ಟವರನ್ನೂ ಒಟ್ಟಿಗೆ ತಟ್ಟಿತು. ಆಮದು ಸುಂಕ ಇಳಿಯಿತು. ಸಣ್ಣ ಕೈಗಾರಿಕೆಗೆಂದು 1967ರಿಂದ ಕಾಯ್ದಿರಿಸುತ್ತ ಬಂದು ಎಂಟುನೂರರ ಗಡಿ ದಾಟಿದ್ದ ವಸ್ತುಗಳ ಪಟ್ಟಿ ಕರಗುತ್ತ ಹೋಗಿ 2015ರಲ್ಲಿ ಪೂರ್ತಿ ಮುಗಿಯಿತು. ಸಾರ್ವಜನಿಕ ಕಾರ್ಖಾನೆಗಳ ಆರ್ಡರನ್ನೇ ನಂಬಿದ್ದ ಬೆಂಗಳೂರಿನ ಎಷ್ಟೋ ವರ್ಕ್‌ಶಾಪುಗಳಿಗೆ ಆ ಕಾರ್ಖಾನೆಗಳು ಸೊರಗಿದಾಗ ಕೆಲಸವೇ ಇಲ್ಲದಾಯಿತು.

ಸಂಸ್ಥೆಯ ಹಣದ ಮೂಲವೂ ಬದಲಾಯಿತು. ಅದುವರೆಗೆ ಸರ್ಕಾರಿ ಖಾತರಿಯ ಬಾಂಡುಗಳನ್ನು ಬ್ಯಾಂಕುಗಳು ಶಾಸನಬದ್ಧ ಹೂಡಿಕೆಯಾಗಿ ಕೊಳ್ಳುತ್ತಿದ್ದುದರಿಂದ ಅಗ್ಗದ ಹಣ ಸಿಗುತ್ತಿತ್ತು. ಸುಧಾರಣೆಯ ನಂತರ ಆ ದಾರಿ ಕಿರಿದಾಯಿತು, ಮಾರುಕಟ್ಟೆಯ ಬಡ್ಡಿಗೆ ಹಣ ತರಬೇಕಾಯಿತು. ಅತ್ತ ಬ್ಯಾಂಕುಗಳು ಯಂತ್ರಕ್ಕೂ ದುಡಿಯುವ ಬಂಡವಾಳಕ್ಕೂ ಒಂದೇ ಸೂರಿನಡಿ ಸಾಲ ಕೊಡತೊಡಗಿದವು. ಒಳ್ಳೆಯ ಗಿರಾಕಿಗಳು ಅತ್ತ ಸರಿದರು. ಸಾಲ ಕೊಡುವವನಿಗೆ ತುಟ್ಟಿಯ ಹಣ, ಕೊಟ್ಟ ಸಾಲ ವಸೂಲಾಗದ ಸ್ಥಿತಿ. ಇದು ಕರ್ನಾಟಕವೊಂದರ ಕಥೆಯಲ್ಲ. ದೊಡ್ಡ ಉದ್ದಿಮೆಗಳಿಗೆ ದೀರ್ಘಾವಧಿ ಸಾಲ ಕೊಡುತ್ತಿದ್ದ ಐಸಿಐಸಿಐ 2002ರಲ್ಲಿ ತನ್ನ ಬ್ಯಾಂಕಿನಲ್ಲೇ ವಿಲೀನವಾಯಿತು, ಐಡಿಬಿಐ 2004ರಲ್ಲಿ ಬ್ಯಾಂಕಾಯಿತು. ಕೆಲವು ರಾಜ್ಯಗಳ ಹಣಕಾಸು ಸಂಸ್ಥೆಗಳು ಹೊಸ ಸಾಲ ಕೊಡುವುದನ್ನೇ ನಿಲ್ಲಿಸಿದವು. ಕರ್ನಾಟಕದ ಸಂಸ್ಥೆ ನಿಲ್ಲಿಸಲಿಲ್ಲ. ರಾಜ್ಯ ಸರ್ಕಾರ ಬಂಡವಾಳ ತುಂಬಿತು, ಸಿಬ್ಬಂದಿ ವಸೂಲಿಗೆ ಟೊಂಕಕಟ್ಟಿದರು, ಏಕಕಾಲದ ತೀರುವಳಿ ಯೋಜನೆಗಳ ಮೂಲಕ ಹಳೆಯ ಖಾತೆಗಳು ಮುಚ್ಚಿದವು.

ಆ ಅವಧಿಯಲ್ಲಿ ಇಂಥ ಸಂಸ್ಥೆಗಳ ಒಳಗೆ ಎರಡು ಅಭಿಪ್ರಾಯಗಳಿದ್ದವು. ಸಾಲ ತೀರದಿದ್ದರೆ ತಡಮಾಡದೆ ವಶಪಡಿಸಿಕೊಂಡು ಮಾರಬೇಕು, ಯಂತ್ರ ತುಕ್ಕು ಹಿಡಿದರೆ ಯಾರಿಗೂ ಲಾಭವಿಲ್ಲ ಎಂಬುದು ಒಂದು. ಕಾಲಾವಕಾಶ ಕೊಟ್ಟು ಘಟಕವನ್ನು ಮೇಲೆತ್ತಬೇಕು, ಅಭಿವೃದ್ಧಿಯ ಹೊಣೆಯೂ ನಮ್ಮದೇ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯವಿತ್ತು, ಎರಡನ್ನೂ ಹೇಳಿದವರು ಸಂಸ್ಥೆಯ ಹಿತೈಷಿಗಳೇ. ನ್ಯಾಯಾಲಯಗಳೂ ಈ ತಕ್ಕಡಿಯನ್ನು ಹಲವು ಬಾರಿ ತೂಗಿವೆ. ಹರಿಯಾಣದ ಸಂಸ್ಥೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ನ್ಯಾಯಯುತ ನಡವಳಿಕೆ ಸಾಲ ಕೊಟ್ಟವರಿಂದಷ್ಟೇ ಅಲ್ಲ, ಪಡೆದವರಿಂದಲೂ ಬರಬೇಕು ಎಂದು ಹೇಳಿತು. ಕರ್ನಾಟಕದ ಸಂಸ್ಥೆಯೇ ಕಕ್ಷಿಯಾಗಿದ್ದ 2008ರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಗೆರೆ ಎಳೆಯಿತು. 29ನೇ ಕಲಮಿನ ಅಧಿಕಾರ ಸಾಲ ಪಡೆದ ಉದ್ದಿಮೆಯ ಮೇಲಷ್ಟೇ ನಡೆಯುತ್ತದೆ, ಜಾಮೀನು ನಿಂತವರ ಆಸ್ತಿಯ ಮೇಲೆ ಕ್ರಮ ಕೈಗೊಳ್ಳಲು 31ನೇ ಕಲಮಿನಂತೆ ನ್ಯಾಯಾಲಯಕ್ಕೆ ಹೋಗಬೇಕು ಎಂಬುದು ಆ ತೀರ್ಪು. ನೆಂಟನಿಗೋ ಗೆಳೆಯನಿಗೋ ಸಹಿ ಹಾಕಿದ ಸಾವಿರಾರು ಕುಟುಂಬಗಳ ಮನೆ, ಹೊಲಗಳಿಗೆ ಅದರಿಂದ ರಕ್ಷಣೆ ಸಿಕ್ಕಿತು. ದೇಶದ ಎಲ್ಲ ರಾಜ್ಯ ಹಣಕಾಸು ಸಂಸ್ಥೆಗಳಿಗೂ ಅದು ಮಾರ್ಗದರ್ಶಿಯಾಯಿತು.

ಪ್ರಾದೇಶಿಕ ಅಸಮತೋಲನ ಕುರಿತು 2002ರಲ್ಲಿ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಲೆಕ್ಕ ಹಾಕಿ ತೋರಿಸಿತು. ಲಾಭ ಬರುವ ಊರುಗಳಿಗಷ್ಟೇ ಸಾಲದ ಹಣ ಹರಿದರೆ ಆ 114 ತಾಲ್ಲೂಕುಗಳ ಪಾಡೇನು ಎಂಬ ಪ್ರಶ್ನೆ ಹಣಕಾಸು ಸಂಸ್ಥೆಯ ಉಳಿವಿಗೆ ಎಲ್ಲಕ್ಕಿಂತ ದೊಡ್ಡ ಸಮರ್ಥನೆ.

2009ರ ನಂತರ: ಬಾಗಿಲು ಅಗಲವಾದದ್ದು

ಸಂಸ್ಥೆಯ ಇತ್ತೀಚಿನ ಅಧ್ಯಾಯದಲ್ಲಿ ಎದ್ದು ಕಾಣುವುದು ಬಡ್ಡಿ ಸಹಾಯಧನದ ಯೋಜನೆಗಳು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಉದ್ದಿಮೆದಾರರಿಗೆ ಶೇ 4ರ ಬಡ್ಡಿಯಲ್ಲಿ ಸಾಲ, ಉಳಿದ ಬಡ್ಡಿಯನ್ನು ಸರ್ಕಾರ ಸಂಸ್ಥೆಗೆ ತುಂಬಿಕೊಡುತ್ತದೆ. ಈ ಸಾಲದ ಮಿತಿ ಹಂತ ಹಂತವಾಗಿ ಏರಿ 10 ಕೋಟಿ ರೂಪಾಯಿಗೆ ಮುಟ್ಟಿತು. ಮಹಿಳಾ ಉದ್ದಿಮೆದಾರರಿಗೂ ಶೇ 4ರ ಬಡ್ಡಿಯ ಯೋಜನೆ ಬಂತು. ಮುಂದೆ ಹಿಂದುಳಿದ ವರ್ಗಗಳಿಗೂ ಇಂಥ ನೆರವು ವಿಸ್ತರಿಸಿತು.

10 ಕೋಟಿ ಎಂಬ ಸಂಖ್ಯೆಗೆ ತೂಕವಿದೆ. ದಲಿತ ಉದ್ದಿಮೆದಾರ ಎಂದರೆ ಸಣ್ಣ ಅಂಗಡಿ, ಹೈನುಗಾರಿಕೆ, ಹೆಚ್ಚೆಂದರೆ ಒಂದು ಟ್ಯಾಕ್ಸಿ ಎಂಬ ಎಣಿಕೆಯಲ್ಲೇ ಸಾಲ ಯೋಜನೆಗಳು ದಶಕಗಳ ಕಾಲ ನಡೆದಿದ್ದವು. ಜಲ್ಲಿ ಕ್ರಷರು, ಸೌರ ವಿದ್ಯುತ್ ಘಟಕ, ಹೋಟೆಲು, ಎಂಜಿನಿಯರಿಂಗ್ ಕಾರ್ಖಾನೆ ಕಟ್ಟುವಷ್ಟು ಹಣವನ್ನು ಸರ್ಕಾರಿ ಸಂಸ್ಥೆಯೊಂದು ಶೇ 4ರ ಬಡ್ಡಿಗೆ ಕೊಡುತ್ತದೆ ಎಂದಾಗ ಆ ಎಣಿಕೆ ಮುರಿಯಿತು. ಭೂಮಿ, ಬಂಗಾರ, ಬ್ಯಾಂಕಿನಲ್ಲಿ ಪರಿಚಯ ಯಾವುದೂ ಇಲ್ಲದ ಮೊದಲ ತಲೆಮಾರಿನ ಉದ್ದಿಮೆದಾರನಿಗೆ ಜಾಮೀನು ಆಸ್ತಿ ಹೊಂದಿಸುವುದು ಇಂದಿಗೂ ಕಠಿಣ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ 2000ದಲ್ಲಿ ಆರಂಭಿಸಿದ ಸಾಲ ಖಾತರಿ ನಿಧಿ ಆ ಭಾರವನ್ನು ತಕ್ಕಮಟ್ಟಿಗೆ ಇಳಿಸಿದೆ. ಈ ಒಂದು ಅಡ್ಡಿಯನ್ನು ದಾಟಿಸುವುದರಲ್ಲಿ ಸಂಸ್ಥೆ ಇನ್ನೂ ಧೈರ್ಯ ತೋರಬೇಕು.

2015ರಲ್ಲಿ ಮುದ್ರಾ, 2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಎಂಬ ಕೇಂದ್ರದ ಸಾಲ ಯೋಜನೆಗಳು ಬಂದು, 10 ಲಕ್ಷದ ಒಳಗಿನ ಸಾಲಕ್ಕೂ 10 ಲಕ್ಷದಿಂದ 1 ಕೋಟಿವರೆಗಿನ ಸಾಲಕ್ಕೂ ಬ್ಯಾಂಕುಗಳಲ್ಲೇ ದಾರಿ ತೆರೆಯಿತು. ಕೆಳಗಿನ ಹಂತದ ಸಾಲ ಬ್ಯಾಂಕಿಗೆ ಹೋದಂತೆ, ಕಾರ್ಖಾನೆ ಕಟ್ಟುವವನ ದೊಡ್ಡ ಸಾಲವೇ ಸಂಸ್ಥೆಯ ಮುಖ್ಯ ಕ್ಷೇತ್ರವಾಯಿತು.

ನವೋದ್ಯಮದ ಕಾಲ

ಯಂತ್ರವನ್ನು ಅಡಮಾನವಾಗಿ ಹಿಡಿದು ಸಾಲ ಕೊಡುವ ಪದ್ಧತಿಗೆ ಸಾಫ್ಟ್‌ವೇರ್ ಉದ್ದಿಮೆ ಹೊಸ ಸವಾಲು ಒಡ್ಡಿತು. ಅಲ್ಲಿ ಆಸ್ತಿ ಇರುವುದು ತಲೆಯಲ್ಲಿ. ಅದಕ್ಕೆ ಬೇಕಾದದ್ದು ಸಾಲವಲ್ಲ, ನಷ್ಟವನ್ನೂ ಹಂಚಿಕೊಳ್ಳುವ ಬಂಡವಾಳ. 1990ರ ದಶಕದ ಕೊನೆಯಲ್ಲಿ ಮಾಹಿತಿ ತಂತ್ರಜ್ಞಾನ ಉದ್ದಿಮೆಗಳಿಗಾಗಿ ಕಿಟ್ವೆನ್ ಎಂಬ ಸಾಹಸ ಬಂಡವಾಳ ನಿಧಿ ಕರ್ನಾಟಕದಲ್ಲಿ ರೂಪುಗೊಂಡಾಗ ಸಿಡ್ಬಿ, ಕೆಎಸ್‌ಐಐಡಿಸಿಗಳ ಜೊತೆ ಹಣಕಾಸು ಸಂಸ್ಥೆಯೂ ಕೈಜೋಡಿಸಿತು.

ಆಮೇಲಿನ ಬೆಳವಣಿಗೆ ವೇಗದ್ದು. ರಾಜ್ಯದ 2015–2020ರ ನವೋದ್ಯಮ ನೀತಿ, 2016ರ ಜನವರಿ 16ರಂದು ಘೋಷಣೆಯಾದ ಸ್ಟಾರ್ಟ್‌ಅಪ್ ಇಂಡಿಯಾ, ಅದರಡಿ ಸಿಡ್ಬಿ ನಿರ್ವಹಿಸುವ 10,000 ಕೋಟಿ ರೂಪಾಯಿಯ ನಿಧಿಗಳ ನಿಧಿ, 2017ರಲ್ಲಿ ರಾಜ್ಯ ಆರಂಭಿಸಿದ ಎಲಿವೇಟ್ ಸ್ಪರ್ಧೆ. ಎಲಿವೇಟ್‌ನಲ್ಲಿ ಗೆದ್ದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಅದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ, ಕಂಪನಿಯಲ್ಲಿ ಪಾಲನ್ನೂ ಸರ್ಕಾರ ಕೇಳುವುದಿಲ್ಲ. 1959ರ ಹತ್ತು ಲಕ್ಷದ ಸಾಲದಿಂದ ಇಲ್ಲಿಯವರೆಗೆ ನೀತಿ ಬಹುದೂರ ಬಂದಿದೆ.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನವೋದ್ಯಮದ ಬಂಡವಾಳ ಬೆಂಗಳೂರಿನ ಕೆಲವು ಬಡಾವಣೆಗಳ ಸುತ್ತ ಗುಂಪುಗೂಡುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳತ್ತ ಅದನ್ನು ಒಯ್ಯಲು ‘ಬೆಂಗಳೂರಿನಾಚೆ’ ಎಂಬ ಪ್ರಯತ್ನ ನಡೆದಿದೆ, ಅದು ಸ್ವಾಗತಾರ್ಹ. ಅಷ್ಟಾದರೂ ಯಾದಗಿರಿಯಲ್ಲಿ ಬೇಳೆ ಒಡೆಯುವವನಿಗೆ, ಹಾವೇರಿಯಲ್ಲಿ ಮೆಣಸಿನಕಾಯಿಗೆ ಶೀತಲಗೃಹ ಕಟ್ಟುವವಳಿಗೆ ಸಾಹಸ ಬಂಡವಾಳಗಾರ ಬರುವುದಿಲ್ಲ. ಅವರಿಗೆ ಬೇಕಾಗಿರುವುದು ಇಂದಿಗೂ ಏಳೆಂಟು ವರ್ಷದ ಅವಧಿಯ, ತಾಳಬಹುದಾದ ಬಡ್ಡಿಯ ಸಾಲ ಮತ್ತು ಅವರ ಊರಿನಲ್ಲೇ ಬಾಗಿಲು ತೆರೆದಿರುವ ಶಾಖೆ. ಆ ಶಾಖೆಗಳು ಸಂಸ್ಥೆಯ ಬಳಿ ಇವೆ. ಬೇರೆ ಯಾವ ನವೋದ್ಯಮ ನಿಧಿಗೂ ಆ ಜಾಲವಿಲ್ಲ. ಎಲಿವೇಟ್‌ನಂಥ ಅನುದಾನ ಪಡೆದು ಮಾದರಿ ತಯಾರಿಸಿದ ತರುಣರು ಕಾರ್ಖಾನೆ ಹಾಕುವ ಹಂತಕ್ಕೆ ಬಂದಾಗ ಅವರನ್ನು ನೇರವಾಗಿ ಜಿಲ್ಲಾ ಶಾಖೆಗೆ ಕರೆದೊಯ್ಯುವ ಕೊಂಡಿಯೊಂದನ್ನು ಸರ್ಕಾರ ಕಟ್ಟಿದರೆ, ಎರಡು ಪೀಳಿಗೆಯ ನೀತಿಗಳು ಒಂದಕ್ಕೊಂದು ಒದಗುತ್ತವೆ.

ಕೊನೆಯದಾಗಿ ಒಂದು ಮನವಿ. ಸಂಸ್ಥೆಯ ಶಾಖೆಗಳ ಕಡತಗಳಲ್ಲಿರುವ ಯೋಜನಾ ವರದಿಗಳು ಸಾಲದ ಕಾಗದಗಳಷ್ಟೇ ಅಲ್ಲ. ಯಾವ ವರ್ಷ ಯಾವ ಊರಿಗೆ ಯಾವ ಯಂತ್ರ ಬಂತು, ಎಷ್ಟು ಜನ ಎಷ್ಟು ಕೂಲಿಗೆ ದುಡಿದರು, ಮಾಲು ಎಲ್ಲಿಗೆ ಹೋಯಿತು ಎಂಬುದನ್ನು ಇಷ್ಟು ವಿವರವಾಗಿ ದಾಖಲಿಸಿದ ಬರಹ ಕರ್ನಾಟಕದಲ್ಲಿ ಬೇರೆಲ್ಲಿಯೂ ಸಿಗುವುದು ಕಷ್ಟ. ಸಾಲ ತೀರಿದ ಖಾತೆಗಳ ಹಳೆಯ ಕಡತಗಳನ್ನು ರದ್ದಿಗೆ ಹಾಕದೆ, ವೈಯಕ್ತಿಕ ವಿವರಗಳನ್ನು ಮರೆಮಾಡಿ, ರಾಜ್ಯ ಪತ್ರಾಗಾರಕ್ಕೋ ವಿಶ್ವವಿದ್ಯಾಲಯಗಳಿಗೋ ಒಪ್ಪಿಸಲು ಆಡಳಿತ ಮಂಡಳಿ ಮುಂದಾಗಲಿ. ಮೊದಲ ಯಂತ್ರವನ್ನು ಈ ಸಂಸ್ಥೆಯ ಸಾಲದಿಂದ ತಂದ ಉದ್ದಿಮೆದಾರರು ತಮ್ಮ ಬಳಿ ಇರುವ ಮಂಜೂರಾತಿ ಪತ್ರ, ಷೆಡ್ಡಿನ ಫೋಟೊ, ಮೊದಲ ಬಿಲ್ಲು ಏನಿದ್ದರೂ ಅದರ ಪ್ರತಿಯನ್ನು ಹತ್ತಿರದ ಶಾಖೆಗೆ ತಲುಪಿಸಬೇಕೆಂದು ವಿನಂತಿ.